ಹೊದಿಕೆ ಎತ್ತುವ ಅಧಿಕಾರ

ಸವಾಯಿ ದ್ವೀಪ
3 ಮಾರ್ಚ್ 2024, ಭಾನುವಾರ

ಪ್ರೀತಿಯ ಅಕ್ಕಾ,

ಇಲ್ಲಿ ಹಂದಿಗಳು ಕ್ಷೇಮ, ತಾರೋ ಗೆಡ್ಡೆಯ ಗಿಡಗಳು ಕ್ಷೇಮ, ನನ್ನ ಹೆಂಡತಿ ರೂತಾ ಕ್ಷೇಮ. ಕ್ಷೇಮವಿಲ್ಲದವನು ನಾನೊಬ್ಬನೇ.

ಅದನ್ನು ಹೇಳಲು ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ವಿಷಯ ಅಂಥದ್ದು. ನಮ್ಮಲ್ಲಿ ಅಕ್ಕ-ತಮ್ಮಂದಿರು ಆ ವಿಷಯ ಬಾಯಿಬಿಟ್ಟು ಆಡುವಂತಿಲ್ಲ. ಟೀವಿಯಲ್ಲಿ ಬಂದರೂ ಇಬ್ಬರಲ್ಲೊಬ್ಬರು ಎದ್ದು ನೀರು ಕುಡಿಯಲು ಹೋಗಬೇಕು. ಕಾಗದದಲ್ಲಾದರೆ ಕಣ್ಣಿಗೆ ಕಣ್ಣು ಸಿಗುವುದಿಲ್ಲ. ನೀನು ಇದನ್ನು ಓದುವ ಹೊತ್ತಿಗೆ ನಾನು ನೀರು ಕುಡಿಯಲು ಹೋಗಿದ್ದೇನೆ ಎಂದುಕೊ.

ಚರ್ಚಿನ ಹಿರಿಯ ಸಿನಾಪಾತಿ ಹೋದ ತಿಂಗಳು ಮೊಮ್ಮಗಳನ್ನು ನೋಡಲು ನಿಮ್ಮ ಆಕ್ಲೆಂಡಿಗೆ ಬಂದಿದ್ದನಲ್ಲ, ಅವನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕಣ್ಣಾರೆ ಕಂಡಿದ್ದಾನೆ. ಮುಂದೆ ನನ್ನ ಮಗಳು ಫುವಾತಿನೊ. ಅವಳ ಪಕ್ಕ ಒಬ್ಬ ಹುಡುಗ. ಇಬ್ಬರ ನಡುವೆ ಒಂದೇ ಒಂದು ಪಾನಿಪೊಪೊ ಬನ್ನು. ಅರ್ಧ ಇವಳಿಗೆ, ಅರ್ಧ ಅವನಿಗೆ. “ತೆಂಗಿನ ಹಾಲು ಆ ಹುಡುಗನ ಗಲ್ಲದ ಮೇಲೆ ಸುರೀತು ಕಣಯ್ಯಾ, ನಿನ್ನ ಮಗಳು ಕರ್ಚೀಫು ಕೊಟ್ಲು,” ಎಂದು ಮತಾಯಿಗಳ ಸಭೆಯಲ್ಲಿ ಎಲ್ಲರೆದುರು ಹೇಳಿದ. ಹೇಳಿ ಮುಗಿಸಿ, ಪಾಪ, ನನಗೋಸ್ಕರ ಒಂದು ಪ್ರಾರ್ಥನೆಯನ್ನೂ ಮಾಡಿದ. ಅದು ಉದ್ದವಾಗಿಯೇ ಇತ್ತು.

ನಾನು ಮತಾಯಿ, ಇಡೀ ಮನೆತನದ ಯಜಮಾನ. ಎಷ್ಟೋ ಜನ ನನ್ನ ಮಾತಿಗಾಗಿ ಕಾಯುತ್ತಾರೆ. (ಅವರು ಕಾಯುವುದು ಊಟಕ್ಕೆ ಎಂದು ರೂತಾ ಅನ್ನುತ್ತಾಳೆ.) ಇಷ್ಟು ದೊಡ್ಡ ಮನುಷ್ಯನ ಬೆನ್ನಿಗೆ ಕಾನೂನು ಇರಲೇಬೇಕು. ಅಲ್ಲಿ ಒಬ್ಬ ಒಳ್ಳೆಯ ವಕೀಲರನ್ನು ಹಿಡಿ. ಹುಡುಗನ ಮೇಲೆ ಪೊಲೀಸರನ್ನು ಕರೆಸಬಹುದೇ ಕೇಳು. ಆಗದಿದ್ದರೆ ಹೇಳಿಬಿಡು, ಮಗಳನ್ನು ವಾಪಸು ಕರೆದುಕೊಂಡು ಬರುತ್ತೇನೆ. ಓದು ಅಲ್ಲಿಗೆ ನಿಲ್ಲಲಿ. ಅವಳನ್ನು ನಿನ್ನ ಮನೆಯಲ್ಲಿಟ್ಟದ್ದು ನರ್ಸ್ ಆಗಲಿ ಎಂದು, ಬನ್ನು ಹಂಚಲಿ ಎಂದಲ್ಲ.

ಸಿನಾಪಾತಿಯ ಮಗನ ಕೈಯಲ್ಲಿ ಕೋಕೋ ಕಳಿಸಿದ್ದೇನೆ. ಅವಳಿಗೆ ವಿಷಯ ಹೇಳಬೇಡ. ಕೋಕೋ ಮಾತ್ರ ಕೊಡು.

ಇಂತಿ ನಿದ್ದೆಗೆಟ್ಟ ನಿನ್ನ ತಮ್ಮ,
ಫಿಲೆಮೊನಿ


ಮಾಂಗೆರೆ, ಆಕ್ಲೆಂಡ್
24 ಮಾರ್ಚ್ 2024

ಎಷ್ಟೋ ಜನ ಕಾಯುತ್ತಿರುವ ಮಹಾ ಮತಾಯಿಗಳ ಸನ್ನಿಧಾನಕ್ಕೆ,

ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳಿಗೆ ಸೂಪು ಕಲಕುವ ಅಕ್ಕ ಮೊಯೆಲಾಂಗಿಯ ಅರಿಕೆ. ತಮ್ಮ ಅಪ್ಪಣೆಯಂತೆ ಕಾನೂನನ್ನು ವಿಚಾರಿಸಿ ಬಂದಿದ್ದೇನೆ.

ಇಲ್ಲಿನ ಲೈಬ್ರರಿಯಲ್ಲಿ ವಾರಕ್ಕೊಮ್ಮೆ ವಕೀಲರು ಕೂತು ಪುಕ್ಕಟೆ ಸಲಹೆ ಕೊಡುತ್ತಾರೆ. ಭಾನುವಾರದ ಬಿಳಿ ಟೋಪಿ ಹಾಕಿಕೊಂಡೇ ಹೋದೆ, ನಿನ್ನ ಮರ್ಯಾದೆಯ ಪ್ರಶ್ನೆ ನೋಡು. ವಕೀಲರು ಎಂದರೆ ಎಳೆ ಮುಖದ ಒಂದು ಹುಡುಗಿ. ಪೆನ್ನು ಹಿಡಿದು ಕೇಳಿದಳು.

“ಹುಡುಗಿಗೆ ಎಷ್ಟು ವಯಸ್ಸಮ್ಮಾ?”

“ಹದಿನೇಳು.”

“ಹುಡುಗನಿಗೆ?”

“ಅವನಿಗೂ ಹದಿನೇಳೇ. ಒಂದೇ ಕ್ಲಾಸು.”

“ಏನ್ ನಡೆದಿದೆ?”

“ಬನ್ನು ತಿಂದಿದಾರೆ.”

ಪೆನ್ನು ಕೆಳಗಿಟ್ಟಳು. ಆದರೆ ನಗಲಿಲ್ಲ, ಅದು ಅವಳ ದೊಡ್ಡತನ. “ಬಲವಂತ ಏನಾದ್ರೂ? ಹೆದರಿಸೋದು, ಹಿಂದೆ ಬೀಳೋದು?” ಎಂದು ಮೆತ್ತಗೆ ಕೇಳಿದಳು. ಅದನ್ನೆಲ್ಲ ನಾನು ಫುವಾತಿನೊಳನ್ನು ಮೊದಲೇ ಕೇಳಿದ್ದೆ. ಇಲ್ಲ ಅಂದೆ. ಆಗ ಅವಳು ಬಿಡಿಸಿ ಹೇಳಿದಳು. ಹದಿನಾರರ ಒಳಗಿನ ಮಕ್ಕಳ ಪರವಾಗಿ ಕಾನೂನೇ ‘ಊಹೂಂ’ ಅನ್ನುತ್ತದಂತೆ. ಹದಿನಾರು ದಾಟಿದ ಮೇಲೆ ಇಂಥ ವಿಷಯದಲ್ಲಿ ಹೂಂ ಅನ್ನುವುದೂ ಊಹೂಂ ಅನ್ನುವುದೂ ಅವರವರ ಬಾಯಿ. ಹದಿನೆಂಟರೊಳಗೆ ಮದುವೆ ಎಂದರೆ ಮಾತ್ರ ನ್ಯಾಯಾಧೀಶರು ಒಪ್ಪಬೇಕು.

“ಮದುವೆ ಯಾರಿಗೆ ಬೇಕಮ್ಮ, ಅವರಿಗಿನ್ನೂ ಪರೀಕ್ಷೆ ಇದೆ,” ಅಂದೆ. “ಅವಳಪ್ಪನ ಅಧಿಕಾರ ಎಷ್ಟು, ಅದು ಹೇಳು.”

“ಹದಿನೆಂಟು ತುಂಬೋವರೆಗೂ ಅವರು ಪೋಷಕರೇ. ಬುದ್ಧಿ ಹೇಳ್ಬಹುದು, ದಾರಿ ತೋರಿಸ್ಬಹುದು.”

“ಹೇಳಿದ ಬುದ್ಧಿ ಕೇಳ್ಲಿಲ್ಲ ಅಂದ್ರೆ ಪೊಲೀಸರು ಬರ್ತಾರಾ?”

“ಬರಲ್ಲ.”

“ಹಾಗಾದ್ರೆ ಅದು ಎಂಥಾ ಅಧಿಕಾರ ಮಗಾ?”

“ಅಪ್ಪ ಅನ್ನೋ ಅಧಿಕಾರ, ಅಮ್ಮಾ. ಅಷ್ಟೇ.”

ಆದ್ದರಿಂದ ಮತಾಯಿಗಳೇ, ನವೆಂಬರ್ 9ಕ್ಕೆ ಮಗಳಿಗೆ ಹದಿನೆಂಟು ತುಂಬುವವರೆಗೆ ತಾವು ಅಪ್ಪ. ಅಷ್ಟೇ.

ಇನ್ನು ಆರೋಪಿಯ ವಿಚಾರ. ಹೆಸರು ಎನೆಲಿಕೊ. ನಮ್ಮ ಚರ್ಚಿನ ಗಾಯನ ಮೇಳದಲ್ಲಿ ಹಿಂದಿನ ಸಾಲು. ದೋಣಿ ಎಂಜಿನ್ನು ಕೆಮ್ಮಿದ ಹಾಗೆ ಹಾಡುತ್ತಾನೆ. ಹೆತ್ತವರಿಲ್ಲ, ಅಜ್ಜಿ ಸಿನಿವಾ ಸಾಕಿದ್ದಾಳೆ. ಇಲ್ಲೇ ಹುಟ್ಟಿದವನಾದ್ದರಿಂದ ನಮ್ಮ ಭಾಷೆಯನ್ನು ಬರಿಗಾಲಲ್ಲಿ ಜಲ್ಲಿಕಲ್ಲಿನ ಮೇಲೆ ನಡೆದ ಹಾಗೆ ಆಡುತ್ತಾನೆ. ಬಸ್ ಸ್ಟಾಪಿನಿಂದ ನಮ್ಮ ಗೇಟಿನವರೆಗೆ ಅವಳ ಜೊತೆ ಬರುತ್ತಾನೆ, ಗೇಟು ದಾಟುವುದಿಲ್ಲ. ಪರದೆಯ ಸಂದಿಯಿಂದ ನೋಡಿದ್ದೇನೆ. ಅವಳ ಬ್ಯಾಗು ಅವನ ಹೆಗಲಲ್ಲಿ, ಅವನ ಬ್ಯಾಗು ಅವಳ ಹೆಗಲಲ್ಲಿ. ಇದರಿಂದ ಯಾರಿಗೆ ಏನು ಲಾಭವೋ ನನಗಂತೂ ತಿಳಿಯಲಿಲ್ಲ.

ಕೋಕೋ ಕೊಟ್ಟೆ. ನೀರು ಕುಡಿದು ಮುಗಿದಿದ್ದರೆ ಉತ್ತರ ಬರೆ.

ನಿನ್ನ ಅಕ್ಕ,
ಮೊಯೆಲಾಂಗಿ


ಸವಾಯಿ
14 ಏಪ್ರಿಲ್ 2024

ಅಕ್ಕಾ,

ನಿನ್ನ ಕಾಗದ ತಲುಪಿತು. ನ್ಯೂಜಿಲೆಂಡಿನ ಕಾನೂನಿನ ಬಗ್ಗೆ ನನಗಿದ್ದ ಗೌರವ ಅಲ್ಲಿಗೆ ಮುಗಿಯಿತು. ನಮ್ಮ ದೇಶದ ಕಾನೂನಾದರೂ ಗಂಡಸಾಗಿರುತ್ತದೆ ಎಂದು ಇಲ್ಲಿನ ಪೊಲೀಸ್ ಠಾಣೆಗೆ ಹೋದೆ. ಅಲ್ಲಿನ ಪೇದೆ ನನ್ನ ಚಿಕ್ಕಪ್ಪನ ಮೊಮ್ಮಗನೇ. “ಇಲ್ಲೂ ಹದಿನಾರೇ ದೊಡ್ಡಪ್ಪಾ,” ಅಂದ. “ಬನ್ನಿಗೆ ಅದೂ ಬೇಡ.” ಹಿಂದಿನಿಂದ ಇನ್ನೊಬ್ಬ ನಕ್ಕ.

ಸರ್ಕಾರಗಳು ಕೈಬಿಟ್ಟ ಮೇಲೆ ಉಳಿದದ್ದು ಊರು. ನಮ್ಮೂರಿನ ಕಟ್ಟಳೆಯಲ್ಲಿ, ಮನೆಯವರನ್ನು ಕೇಳದೆ ಹುಡುಗಿಯ ಪಕ್ಕ ನಡೆದವನಿಗೆ ಹಂದಿಯ ದಂಡ. ಸಭೆಯಲ್ಲಿ ಪ್ರಸ್ತಾಪಿಸಿದೆ. “ಮಾಂಗೆರೆ ನಮ್ಮೂರಿನ ಗಡಿಯೊಳಗೆ ಬರುತ್ತದೆಯೇ?” ಎಂದು ಒಬ್ಬರು ಎದ್ದರು. ಚರ್ಚೆ ಮಧ್ಯಾಹ್ನದವರೆಗೆ ನಡೆದು, ಊಟ ಬಂದದ್ದರಿಂದ ತೀರ್ಮಾನವಾಗದೆ ಮುಗಿಯಿತು.

ತಮಾಷೆ ಸಾಕು ಅಕ್ಕಾ. ನೀನು ನಗುತ್ತಿದ್ದೀಯ ಎಂದು ಗೊತ್ತು. ನಾನು ನಗುತ್ತಿಲ್ಲ. ಜುಲೈ ರಜೆಗೆ ಬರುತ್ತೇನೆ. ಆರನೇ ತಾರೀಖು, ಶನಿವಾರ, ಬೆಳಗಿನ ಹೊತ್ತಿಗೆ ನಿನ್ನ ಮನೆಯಲ್ಲಿರುತ್ತೇನೆ. ಬರುವುದಕ್ಕೆ ಒಂದು ಟಿಕೆಟ್, ಹೋಗುವುದಕ್ಕೆ ಎರಡು. ಅವಳಿಗೆ ಈಗ ಹೇಳಬಹುದು.

ಫಿಲೆಮೊನಿ


ಮಾಂಗೆರೆ
19 ಮೇ 2024

ಅಪ್ಪಾ,

ಕೋಕೋ ಚೆನ್ನಾಗಿತ್ತು. “ವಿಷಯ ಹೇಳಬೇಡ, ಕೋಕೋ ಮಾತ್ರ ಕೊಡು ಅಂದಿದಾನೆ ನಿಮ್ಮಪ್ಪ” ಎಂದು ಹೇಳಿಯೇ ಅತ್ತೆ ಕೋಕೋ ಕೊಟ್ಟರು. ಆದ್ದರಿಂದ ಮಾರ್ಚಿನಿಂದಲೂ ನನಗೆ ಎಲ್ಲ ಗೊತ್ತು. ನೀವಾಗಿ ನನಗೆ ಬರೆಯುತ್ತೀರಿ ಎಂದು ಕಾಯುತ್ತಿದ್ದೆ.

ನಾನು ಜಗಳವಾಡುತ್ತೇನೆ ಎಂದುಕೊಂಡಿದ್ದರೆ, ಇಲ್ಲ. ಮೊದಲು ಥ್ಯಾಂಕ್ಸ್ ಹೇಳುತ್ತೇನೆ. ಚಿಕ್ಕವಳಿದ್ದಾಗ ಲಾವಾ ಕಲ್ಲುಗಳ ಮೇಲೆ ನನ್ನ ಸ್ಕೂಲ್ ಬ್ಯಾಗು ಹೊತ್ತು ನೀವು ಶಾಲೆಯವರೆಗೂ ಬರುತ್ತಿದ್ದಿರಿ. ಮತಾಯಿ ಆದವನು ಗುಲಾಬಿ ಬಣ್ಣದ ಬ್ಯಾಗು ಹೊರುತ್ತಾನಾ ಎಂದು ಊರವರು ನಗುತ್ತಿದ್ದರು. “ನಗಲಿ ಬಿಡು, ಅವರ ಹಲ್ಲು ಚೆನ್ನಾಗಿದೆ,” ಅನ್ನುತ್ತಿದ್ದಿರಿ. ಎನೆಲಿಕೊ ಮೊದಲ ದಿನ ‘ನಿನ್ನ ಬ್ಯಾಗು ಕೊಡು’ ಎಂದಾಗ ನನಗೆ ನೆನಪಾದದ್ದು ಅವನಲ್ಲ, ನೀವು. ಅವನ ಬ್ಯಾಗು ನಾನು ಯಾಕೆ ಹೊರುತ್ತೇನೆ ಎಂದು ಅತ್ತೆಗೆ ಅರ್ಥವಾಗಿಲ್ಲ. ಆಗ ಬದಲಿಗೆ ನಿಮ್ಮದನ್ನು ನಾನು ಹೊರೋಣವೆಂದರೆ ನಿಮ್ಮ ಹತ್ತಿರ ಬ್ಯಾಗೇ ಇರಲಿಲ್ಲ.

ಅತ್ತೆ ಕಾನೂನನ್ನು ನನಗೂ ಓದಿ ಹೇಳಿದ್ದಾರೆ. ಅದರ ಪ್ರಕಾರ ನಾನು ನಿಮ್ಮನ್ನು ಕೇಳಬೇಕಾಗಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಒಂದು ಭಾನುವಾರ ಎನೆಲಿಕೊ ಗೇಟು ದಾಟಿ ಒಳಗೆ ಬಂದು, ಎಲ್ಲರ ಎದುರು ಅತ್ತೆಯ ಮನೆಯ ಊಟಕ್ಕೆ ಕೂರಬಹುದಾ? ಬಚ್ಚಿಟ್ಟುಕೊಂಡು ಅಲ್ಲ, ಬೇಕಿದ್ದರೆ ಸಿನಾಪಾತಿಯವರು ಮತ್ತೆ ಇಲ್ಲಿಗೆ ಬಂದಾಗ ಅವರನ್ನೂ ಕರೆದೇ. ಇಷ್ಟೇ ನಾನು ಕೇಳುವುದು. ಬೇಡ ಅಂದರೆ ಅವನು ಗೇಟಿನಲ್ಲೇ ನಿಲ್ಲುತ್ತಾನೆ. ಆದರೆ ಶಾಲೆ ಬಿಡಿಸಬೇಡಿ ಅಪ್ಪಾ. ಈ ವರ್ಷ ಮುಗಿದರೆ ನರ್ಸಿಂಗಿಗೆ ಅರ್ಜಿ ಹಾಕಬಹುದು.

ನಿಮ್ಮ ಮಗಳು,
ಫುವಾತಿನೊ


ಮಾಂಗೆರೆ
8 ಜುಲೈ 2024

ತಮ್ಮಾ,

ಕೂತುಕೊಂಡು ಓದು. ರೂತಾಳನ್ನೂ ಪಕ್ಕದಲ್ಲಿ ಕೂರಿಸಿಕೊ.

ಅಲೆ ಜೋರಾಗಿ ನಿಮ್ಮ ದ್ವೀಪದಿಂದ ಹಡಗು ಹೊರಡಲಿಲ್ಲ, ವಿಮಾನ ತಪ್ಪಿತು ಎಂದು ನೀನು ಫೋನ್ ಮಾಡಿದ್ದು ಶುಕ್ರವಾರ ಮಲಗುವ ಹೊತ್ತಿಗೆ. ಫುವಾತಿನೊ ಆಗಲೇ ಅತ್ತು ಮಲಗಿದ್ದಳು. ನೀನು ಬರುತ್ತಿಲ್ಲ ಎಂಬುದು ನನ್ನೊಬ್ಬಳಿಗೆ ಗೊತ್ತು. ಆ ಹುಡುಗನಿಗೆ ಗೊತ್ತಿಲ್ಲ.

ಶನಿವಾರ ಬೆಳಗಾಗುತ್ತಿದ್ದ ಹಾಗೆ ಪರದೆ ಸರಿಸಿದೆ. ಗೇಟಿನ ಒಳಗೆ, ಹುಲ್ಲಿನ ಮೇಲೆ, ಏನೋ ಗುಡ್ಡೆಯಾಗಿ ಬಿದ್ದಿದೆ. ಮೇಲೆ ರಗ್ಬಿ ತಂಡದ ಹೊದಿಕೆ. ಹೊದಿಕೆಯ ಒಂದು ತುದಿಯಿಂದ ಎರಡು ಪಾದ ಕಾಣುತ್ತಿವೆ. ಈ ಜುಲೈ ಚಳಿಗೆ ನಡುಗುತ್ತಿವೆ.

ಹೌದು. ಅವನು ನಿನಗೆ ಇಫೊಂಗಾ ಮಾಡುತ್ತಿದ್ದ.

ನಮ್ಮಲ್ಲಿ ಇಫೊಂಗಾ ಯಾವುದಕ್ಕೆ ಮಾಡುತ್ತಾರೆ ಎಂದು ನಿನಗೆ ನಾನು ಹೇಳಬೇಕೇ? ಕೊಲೆಗೆ. ಇಲ್ಲವೇ ಹೆಣ್ಣಿನ ಮಾನ ಕಳೆದದ್ದಕ್ಕೆ. ತಪ್ಪು ಮಾಡಿದವನ ಮನೆತನವೇ ಬಂದು, ಮುತ್ತಜ್ಜಿಯರು ಹೆಣೆದ ನವಿರು ಚಾಪೆ ಹೊದ್ದು, ನೊಂದವರ ಮನೆಯ ಮುಂದೆ ಮಂಡಿಯೂರಿ ತಲೆ ಬಾಗಿಸುತ್ತದೆ. ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತದಿದ್ದರೆ ಮೇಲೆ ಏನು ಬೀಳುತ್ತದೋ ದೇವರೇ ಬಲ್ಲ. ಈ ಮೂರ್ಖ ಶಿಖಾಮಣಿ ‘ಹಿರಿಯರ ಹತ್ತಿರ ಸಾರಿ ಹೇಳುವ ಪದ್ಧತಿ’ ಎಂದು ಎಲ್ಲಿಯೋ ಕೇಳಿದ್ದಾನೆ. ಎಂಥ ತಪ್ಪಿನ ಸಾರಿ ಎಂದು ಕೇಳಿಲ್ಲ.

ಬೀದಿಯಲ್ಲಿ ಮುಕ್ಕಾಲು ಪಾಲು ನಮ್ಮವರೇ. ಒಂದೊಂದೇ ಬಾಗಿಲು ತೆರೆಯಿತು. ಎದುರು ಮನೆಯವಳು ಬಾಯಿಗೆ ಉಟ್ಟ ಲಾವಾಲಾವಾದ ಸೆರಗು ಒತ್ತಿಕೊಂಡಳು. “ಅಯ್ಯೋ ದೇವರೇ, ಹುಡುಗಿಗೆ ಎಷ್ಟು ತಿಂಗಳಾಯ್ತಂತೆ?” ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳಿದ್ದು ನನ್ನ ಅಡುಗೆಮನೆಗೆ ಕೇಳಿಸಿತು. ಪಕ್ಕದ ಮನೆಯ ಬಿಳಿಯ ಮುದುಕನಿಗೆ ಪದ್ಧತಿ ಗೊತ್ತಿಲ್ಲವಲ್ಲ, ಅಂಗಳದಲ್ಲಿ ಹೆಣ ಬಿದ್ದಿದೆ ಎಂದು ಪೊಲೀಸರಿಗೆ ಫೋನ್ ಮಾಡಿದ.

ಮಾರ್ಚಿನಲ್ಲಿ ನೀನು ಪೊಲೀಸರನ್ನು ಕರೆಸು ಅಂದಿದ್ದೆ. ಬಂದರು.

ಪೇದೆ ನಮ್ಮ ಹುಡುಗನೇ. ಹೊದಿಕೆ ನೋಡಿದೊಡನೆ ಮುಖ ಬಿಗಿಯಿತು. ನೇರ ಒಳಗೆ ಬಂದು ಫುವಾತಿನೊಳನ್ನು ಬೇರೆ ಕೋಣೆಗೆ ಕರೆದು, ನಿಂಗೆ ಯಾರಾದ್ರೂ ತೊಂದ್ರೆ ಕೊಟ್ಟಿದಾರಾ ತಂಗಿ, ಹೆದರದೆ ಹೇಳು ಎಂದು ಕೇಳಿದ. ಹಾಗೆ ಕೇಳಿದ್ದಕ್ಕೆ ಅವನ ಹೊಟ್ಟೆ ತಣ್ಣಗಿರಲಿ. ಅವಳು “ಪಾನಿಪೊಪೊ ಹಂಚ್ಕೊಂಡಿದೀವಿ” ಅಂದಳು. ಹೊರಗೆ ಬಂದ ಪೇದೆ ಟೋಪಿ ತೆಗೆದು ನನ್ನ ಮೆಟ್ಟಿಲ ಮೇಲೆ ಕೂತ. “ಅಪರಾಧ ಇಲ್ಲ ಅಮ್ಮಾ. ಆದ್ರೆ ಹೊದಿಕೆ ಎತ್ತೋ ಅಧಿಕಾರ ಪೊಲೀಸ್ನೋರಿಗಿಲ್ವಲ್ಲ. ಯಾರಾದ್ರೂ ಎತ್ತಿದ್ಮೇಲೆ ಹೋಗ್ತೀನಿ.”

ಅಷ್ಟರಲ್ಲಿ ಅಜ್ಜಿ ಸಿನಿವಾ ಊರುಗೋಲು ಹಿಡಿದು ಓಡುತ್ತ ಬಂದಳು. ಅವಳಿಗೆ ಎರಡೂ ಮಂಡಿ ನೋವು, ಚರ್ಚಿನಲ್ಲೂ ಕುರ್ಚಿಯಲ್ಲೇ ಕೂರುತ್ತಾಳೆ. ಕೋಲಿನಿಂದ ಹೊದಿಕೆಯನ್ನು ತಿವಿದಳು.

“ಏಳೋ ಕತ್ತೆ! ನನ್ನ ಮರ್ಯಾದೆ ತೆಗೆಯೋಕೆ ನಿಂಗೆ ರಗ್ಬಿ ಹೊದಿಕೆಯೇ ಬೇಕಿತ್ತಾ?”

“ಏಳಲ್ಲ ಅಜ್ಜಿ. ಫುವಾತಿನೊನ ಸ್ಕೂಲ್ ಬಿಡಿಸ್ತಾರೆ. ನನ್ನಿಂದ.”

ಸಿನಿವಾ ಸುತ್ತ ನೋಡಿದಳು. ಬೀದಿಯ ತುಂಬ ಜನ. ಕೋಲನ್ನು ಹುಲ್ಲಿನ ಮೇಲಿಟ್ಟು, ಒಂದು ಮಂಡಿ, ಆಮೇಲೆ ಇನ್ನೊಂದು, ಊರಿದಳು ತಮ್ಮಾ. ಹೊದಿಕೆಯ ತುದಿ ಎತ್ತಿ ಮೊಮ್ಮಗನ ಪಕ್ಕ ತಾನೂ ತಲೆ ತೂರಿಸಿದಳು.

ಎತ್ತಬೇಕಾದವನು ನೀನು. ನೀನು ಹಡಗಿಗೆ ಕಾಯುತ್ತ ಕೂತಿದ್ದೆ. ಕಾನೂನಿನಲ್ಲಿ ಫುವಾತಿನೊಳ ಮೇಲೆ ನನಗೆ ಯಾವ ಅಧಿಕಾರವೂ ಇಲ್ಲ, ಆ ಎಳೆ ಮುಖದ ವಕೀಲೆಯನ್ನು ಅದನ್ನೂ ಕೇಳಿದ್ದೆ. ಆದರೆ ನಮ್ಮಲ್ಲಿ ಅಕ್ಕನ ಮಾತನ್ನು ತಮ್ಮ ಮೀರುವಂತಿಲ್ಲ ಎಂಬ ಕಟ್ಟಳೆ ಇದೆಯಲ್ಲ. ಇಷ್ಟು ವರ್ಷ ನಾನು ಅದನ್ನು ನಿನ್ನ ಮೇಲೆ ಒಮ್ಮೆಯೂ ಚಲಾಯಿಸಿಲ್ಲ. ಶನಿವಾರ ಚಲಾಯಿಸಿದೆ. ನಿನ್ನ ಹೆಸರು ಹೇಳಿ ಹೊದಿಕೆ ಎತ್ತಿದೆ.

“ಏನ್ ತಪ್ಪು ಮಾಡಿದೀಯ, ಎಲ್ರಿಗೂ ಕೇಳೋ ಹಾಗೆ ಹೇಳು,” ಅಂದೆ.

“ಅವರಪ್ಪನ್ನ ಕೇಳ್ದೆ ಬಸ್ ಸ್ಟಾಪಿಂದ ಗೇಟ್ ತಂಕ ನಡೆದೆ, ಅತ್ತೆ.” ಹಲ್ಲು ಕಟಕಟ ಅನ್ನುತ್ತಿತ್ತು.

“ಆಮೇಲೆ?”

“ಆಮೇಲೆ ಮನೆಗೆ ಹೋದೆ.”

ಮೊದಲು ನಕ್ಕದ್ದು ಪೇದೆ. ಆಮೇಲೆ ಎದುರು ಮನೆಯವಳು. ಸಿನಿವಾಳನ್ನು ಎಬ್ಬಿಸಲು ನಾಲ್ಕು ಜನ ಬೇಕಾಯಿತು. ಎಲ್ಲರಿಗೂ ಕೋಕೋ ಕೊಟ್ಟೆ, ನೀನು ಕಳಿಸಿದ್ದೇ.

ಕೋಪವಿದ್ದರೆ ನನ್ನ ಮೇಲಿರಲಿ. ಇನ್ನೊಂದು ಮಾತು. ಆ ವಿಷಯ ಅಕ್ಕ-ತಮ್ಮ ಆಡಬಾರದು, ಆಡುವುದಿಲ್ಲ. ಚರ್ಚಿನ ಹಿಂದಿನ ನೀರಿನ ಟ್ಯಾಂಕಿನ ವಿಷಯ ಮಾತ್ರ ಹೇಳುತ್ತೇನೆ. ನನಗೆ ಹದಿನೇಳು, ನಿನಗೆ ಒಂಬತ್ತು. ಟ್ಯಾಂಕಿನ ಹಿಂದೆ ನಾನು ಒಬ್ಬಳೇ ಇರಲಿಲ್ಲ, ನೀನು ನೋಡಿದೆ. ಸಂಜೆ ಅಪ್ಪ ಪೊರಕೆ ಹಿಡಿದು ಅಕ್ಕ ಎಲ್ಲಿ ಎಂದು ನಿನ್ನನ್ನು ಕೇಳಿದರು. “ಪಾಸ್ಟರ್ ಮನೆ ಹಂದಿಗಳಿಗೆ ತೆಂಗಿನಕಾಯಿ ಹಾಕ್ತಿದಾಳೆ,” ಅಂದೆ. ಅಪ್ಪ ನಂಬಲಿಲ್ಲ. ನನಗೆ ಬೀಳಬೇಕಾದ ಪೊರಕೆಯೇಟು ನಿನಗೆ ಬಿತ್ತು. ಎಷ್ಟು ಹೊಡೆದರೂ ಹಂದಿ, ತೆಂಗಿನಕಾಯಿ ಎರಡೇ ಮಾತು. ಮುಂದಿನ ವರ್ಷ ನನ್ನನ್ನು ಇಲ್ಲಿಗೆ ಕಳಿಸಿದರು, ಮದುವೆಯ ಮಾತು ಮತ್ತೆ ಬರಲಿಲ್ಲ. ಅಷ್ಟೇ ಕಥೆ.

ಅವತ್ತು ನಿನಗೆ ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕೆಂದರೆ ಆ ವಿಷಯ ಆಡಬೇಕಾಗುತ್ತಿತ್ತು. ಈಗ ಹೇಳಿದ್ದೇನೆ. ಎದ್ದು ನೀರು ಕುಡಿ, ಹೋಗು.

ನಿನ್ನ ಅಕ್ಕ


ಸವಾಯಿ
28 ಜುಲೈ 2024

ಅಕ್ಕಾ,

ಇಫೊಂಗಾ ಎಂಬುದು ಹೀಗೆ ಮಾಡುವುದಲ್ಲ. ಮೊದಲನೆಯದಾಗಿ ಮನೆತನದ ಹಿರಿಯರು ಮುಂದಿರಬೇಕು, ಹಿಂದಿನಿಂದ ಕೋಲು ತಿವಿಯುತ್ತ ಬರುವುದಲ್ಲ. ನೊಂದವನು ಮನೆಯಲ್ಲಿದ್ದಾನೆಯೇ ಎಂದು ವಿಚಾರಿಸಿಕೊಳ್ಳಬೇಕು. ಇನ್ನು ಆ ಹೊದಿಕೆ! ನಮ್ಮ ಪೂರ್ವಿಕರು ಈ ದಿನ ನೋಡಲು ಬದುಕಿರಲಿಲ್ಲವಲ್ಲ, ಅದೇ ಪುಣ್ಯ. ಯಾವ ತಂಡ ಎಂದು ನೀನು ಬರೆಯಲಿಲ್ಲ. ಸೋಲುವ ತಂಡವಾಗಿದ್ದರೆ ಕ್ಷಮೆ ಇನ್ನೂ ಕಷ್ಟ.

ಕಾಗದವನ್ನು ರೂತಾಗೆ ಓದಿ ಹೇಳಿದೆ. ಅಜ್ಜಿ ಮಂಡಿಯೂರಿದ ಜಾಗ ಬಂದಾಗ ನನಗೆ ಕೆಮ್ಮು ಬಂತು, ಮಿಕ್ಕದ್ದು ಅವಳೇ ಓದಿಕೊಂಡಳು.

ಇದರ ಜೊತೆ ಒಂದು ನವಿರು ಚಾಪೆ ಕಳಿಸುತ್ತಿದ್ದೇನೆ. ನಮ್ಮ ಅಮ್ಮ ಹೆಣೆದದ್ದು. ಅದನ್ನು ಸಿನಿವಾ ಅವರಿಗೆ ನನ್ನ ಹೆಸರಿನಲ್ಲಿ ಕೊಡು. ಅವರ ಮನೆಯಲ್ಲಿ ಚಾಪೆ ಇರಲಿಲ್ಲ ಎಂಬ ಕಾರಣಕ್ಕೆ ಯಾರೂ ಅವರನ್ನು ಆಡಿಕೊಳ್ಳಬಾರದು. ಮೊಮ್ಮಗನಿಗೆ ಮಾತ್ರ ಮುಟ್ಟಲು ಕೊಡಬೇಡ ಎಂದು ಹೇಳು. ಮತ್ತೆ ಯಾರ ಅಂಗಳದಲ್ಲಿ ಹೊದ್ದು ಕೂರುತ್ತಾನೋ.

ಟ್ಯಾಂಕಿನ ವಿಷಯ ಬರೆದಿದ್ದೀಯ. ನನಗೆ ಅಂಥದ್ದೇನೂ ನೆನಪಿಲ್ಲ. ಚಿಕ್ಕವನಿದ್ದೆ. ಅವತ್ತು ನೀನು ಹಳದಿ ಲಾವಾಲಾವಾ ಉಟ್ಟಿದ್ದೆ, ಅಂಚಿನಲ್ಲಿ ಬಿಳಿ ಹೂವು. ನಗುತ್ತಿದ್ದೆ. ಬೇರೇನೂ ನೆನಪಿಲ್ಲ.

ಟಿಕೆಟ್ಟನ್ನು ಅಕ್ಟೋಬರಿಗೆ ಬದಲಾಯಿಸಿದ್ದೇನೆ. ಬಿಳಿ ಭಾನುವಾರಕ್ಕೆ ಅಲ್ಲಿರುತ್ತೇನೆ. ಹಿಂದಿರುಗುವ ಟಿಕೆಟ್ ಈಗಲೂ ಎರಡೇ. ಯಾಕೆ ಎಂದು ಕೇಳಬೇಡ.

ಫಿಲೆಮೊನಿ


ಮಾಂಗೆರೆ
20 ಅಕ್ಟೋಬರ್ 2024

ಅಪ್ಪಾ,

ನೀವು ಹೋಗಿ ನಾಲ್ಕು ದಿನವಾಯಿತು. ಬಾಗಿಲ ಬಳಿ ನಿಮ್ಮ ಚಪ್ಪಲಿ ಬಿಟ್ಟು ಹೋಗಿದ್ದೀರಿ. ಅಲ್ಲೇ ಇರಲಿ.

ಆ ಭಾನುವಾರವನ್ನು ಬರೆದಿಟ್ಟುಕೊಳ್ಳಬೇಕು ಅನ್ನಿಸಿತು, ಅದಕ್ಕೆ ನಿಮಗೇ ಬರೆಯುತ್ತಿದ್ದೇನೆ. ಬಿಳಿ ಭಾನುವಾರ ಮಕ್ಕಳ ದಿನ, ಮಕ್ಕಳಿಗೆ ಮೊದಲ ಊಟ, ದೊಡ್ಡವರದೇ ಬಡಿಸುವ ಕೆಲಸ. ಹದಿನೇಳು ವರ್ಷದ ನಾನು ಪುಟ್ಟ ಮಕ್ಕಳ ಮೇಜಿನಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದೆ. ನೀವು ಬಿಳಿ ಕೋಟಿನ ಮೇಲೆ ಅತ್ತೆಯ ಹೂವಿನ ಏಪ್ರನ್ ಕಟ್ಟಿಕೊಂಡು ತಟ್ಟೆ ಹಿಡಿದು ಬಂದಿರಿ. ನಾನು ಎದ್ದೆ.

“ಕೂತ್ಕೋ. ಇವತ್ತು ನೀನು ಮಗು. ಮುಂದಿನ ವರ್ಷದಿಂದ ನೀನೇ ನಂಗೆ ಬಡಿಸ್ಬೇಕು.”

ಮೇ ತಿಂಗಳ ನನ್ನ ಕಾಗದಕ್ಕೆ ನೀವು ಉತ್ತರ ಬರೆದೇ ಇರಲಿಲ್ಲ. ನಾನೂ ಕೇಳಿರಲಿಲ್ಲ. ಎನೆಲಿಕೊ ಗೇಟಿನ ಹೊರಗೆ ನಿಂತಿದ್ದ, ಅಜ್ಜಿಯನ್ನು ಬಿಡಲು ಬಂದವನು. ನೀವು ಗೇಟಿನವರೆಗೂ ಹೋದಿರಿ. ಇಡೀ ಮನೆ ಕಿಟಕಿಯಲ್ಲಿತ್ತು.

“ಏನೋ, ಇವತ್ತು ಹೊದಿಕೆ ತಂದಿಲ್ವಾ?”

“ಇಲ್ಲ... ಮಾವ... ಸಾರ್.”

“ಹದಿನೇಳು ತಾನೇ ನಿಂಗೂ? ಮಕ್ಕಳ ಊಟ ಇದು. ಒಳಗೆ ಬಾ. ನನ್ನ ಮಗಳು ಕೇಳಿದಾಳೆ, ನಾನು ಹೂಂ ಅಂದಿದೀನಿ.”

ಯಾವಾಗ ಹೂಂ ಅಂದಿರಿ ಅಪ್ಪಾ? ನನಗಂತೂ ಕೇಳಿಸಿರಲಿಲ್ಲ. ಈಗ ಕೇಳಿಸಿತು.

ಕೊನೆಗೆ ತಟ್ಟೆಯಲ್ಲಿ ಒಂದೇ ಪಾನಿಪೊಪೊ ಉಳಿಯಿತು. ನೀವು ಅದನ್ನು ಎರಡು ಮಾಡಿ ಅರ್ಧ ಅವನಿಗೆ ಕೊಟ್ಟು, ಇನ್ನರ್ಧ ನೀವೇ ತಿಂದಿರಿ. ತೆಂಗಿನ ಹಾಲು ನಿಮ್ಮ ಗಲ್ಲದ ಮೇಲೆ ಸುರಿಯಿತು. ಎನೆಲಿಕೊ ಕರ್ಚೀಫು ಕೊಟ್ಟ. ಸಿನಾಪಾತಿಯವರು ಇರಬೇಕಿತ್ತು, ಇನ್ನೊಂದು ಪ್ರಾರ್ಥನೆ ಆಗುತ್ತಿತ್ತು.

ಆದರೂ ಬುಧವಾರದವರೆಗೆ ನನಗೆ ಭಯ ಹೋಗಲಿಲ್ಲ. ಎರಡು ಟಿಕೆಟ್! ವಿಮಾನ ನಿಲ್ದಾಣದಲ್ಲಿ ನೀವು ಎರಡು ಪಾಸ್‌ಪೋರ್ಟ್ ತೆಗೆದಾಗ ನಾನು ಕಣ್ಣು ಮುಚ್ಚಿಕೊಂಡೆ. “ಅಕ್ಕಾ, ಬಾ, ಲೈನ್ ಉದ್ದ ಇದೆ,” ಅಂದಿರಿ. ಅತ್ತೆಯ ಕೈಯಲ್ಲಿದ್ದ ಸೂಟ್‌ಕೇಸಿನಲ್ಲಿ ನಿಮಗೆ ಕೊಡುವ ಸಾಮಾನಿದೆ ಎಂದುಕೊಂಡಿದ್ದೆ. ಅತ್ತೆಯ ಬಟ್ಟೆಯೇ ಇತ್ತು. ನನಗೆ ಹೇಳದೆ ಇಬ್ಬರೂ ಸೇರಿ ಮಾಡಿದ ಈ ಮೋಸಕ್ಕೆ ಯಾವ ಕಾನೂನಿದೆ, ಲೈಬ್ರರಿಗೆ ಹೋಗಿ ವಿಚಾರಿಸುತ್ತೇನೆ.

ನನ್ನ ಕಾವಲಿಗೆ ಸಿನಿವಾ ಅಜ್ಜಿ ಇಲ್ಲೇ ಬಂದು ಉಳಿದಿದ್ದಾರೆ. ತಮ್ಮ ಮೊಮ್ಮಗನಿಂದ ನನ್ನನ್ನು ಕಾಯುವುದು ಅವರ ಕೆಲಸವಂತೆ. ಪರೀಕ್ಷೆ ಮುಗಿಯುವವರೆಗೆ ಅವನಿಗೆ ಮತ್ತೆ ಗೇಟೇ ಗತಿ. ಕೋಲು ಬಾಗಿಲ ಪಕ್ಕದಲ್ಲೇ ಇದೆ, ನಿಮ್ಮ ಚಪ್ಪಲಿಯ ಜೊತೆ.

ಅಪ್ಪಾ, ಥ್ಯಾಂಕ್ಸ್. ಬಡಿಸಿದ್ದಕ್ಕೆ.

ನಿಮ್ಮ ಮಗಳು (ನವೆಂಬರ್ 9ರ ನಂತರವೂ),
ಫುವಾತಿನೊ


ಸವಾಯಿ
9 ನವೆಂಬರ್ 2024

ಮುದ್ದು ಫುವಾತಿನೊ,

ಇವತ್ತಿಗೆ ನಿನಗೆ ಹದಿನೆಂಟು. ಬೆಳಿಗ್ಗೆ ನಿಮ್ಮಪ್ಪ ಒಳ್ಳೆಯ ಲಾವಾಲಾವಾ ಉಟ್ಟು ಬಂದು, ಕಾನೂನಿನ ಪ್ರಕಾರ ತನ್ನ ಅಧಿಕಾರ ಇಂದಿಗೆ ಮುಗಿಯಿತು ಎಂದು ತಿಂಡಿಯ ಮುಂದೆ ಘೋಷಿಸಿದ. “ಹಾಗಾದ್ರೆ ಹಂದಿಗಳಿಗೆ ನೀವೇ ನೀರು ಇಡಿ, ಇನ್ನು ಬಿಡುವಾಗಿರ್ತೀರಲ್ಲ,” ಅಂದಳು ನಿಮ್ಮಮ್ಮ. ಸಪ್ಪೆ ಮುಖ ಮಾಡಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ನನ್ನ ಹತ್ತಿರ ಬಂದು ಕೂತ.

“ಅಕ್ಕಾ, ಇನ್ಮೇಲೂ ಅವಳು ಕೇಳ್ತಾಳಾ?”

“ಏನನ್ನ?”

“ಏನಾದ್ರೂ.”

ಇದಕ್ಕೆ ಉತ್ತರ ನೀನೇ ಬರೆ. ನಾನು ಹೇಳಿದರೆ ನಂಬುವುದಿಲ್ಲ.

ಸಂಜೆ “ಬಾ, ಚರ್ಚಿಗೆ ಹೊಸ ಬಣ್ಣ ಹೊಡೆದಿದಾರೆ, ತೋರಿಸ್ತೀನಿ,” ಎಂದು ನನ್ನನ್ನು ಕರೆದುಕೊಂಡು ಹೋದ. ಬಣ್ಣ ಹಳೆಯದೇ. ಸುತ್ತಿ ಹಿಂದಕ್ಕೆ ಬಂದೆವು. ನಿನಗೆ ಹೇಳಿದ್ದೆನಲ್ಲ, ಆ ಟ್ಯಾಂಕು ಹಾಗೇ ಇದೆ ಕಣೇ, ಪಾಚಿ ಹಿಡಿದು. ನೆರಳಿಗೆ ಒಂದು ಬೆಂಚು ಹಾಕಿದ್ದಾರೆ. ನೀರು ಹಿಡಿಯಲು ಒಬ್ಬರು ಬಕೆಟ್ಟಿನೊಂದಿಗೆ ನಿಂತಿದ್ದರು. ಅವತ್ತು ಕಪ್ಪಗಿದ್ದ ತಲೆ ಈಗ ಪೂರ್ತಿ ಬೆಳ್ಳಗಾಗಿದೆ. ಹೆಂಡತಿ ತೀರಿಹೋಗಿ ಕೆಲವು ವರ್ಷವಾಯಿತಂತೆ. ನನ್ನನ್ನು ಕಂಡು ಬಕೆಟ್ ಕೆಳಗಿಟ್ಟರು. ಬಕೆಟ್ ಆಗಲೇ ತುಂಬಿತ್ತು. ಯಾರೋ ಅವರಿಗೆ ಈ ಹೊತ್ತಿಗೆ ಬರಲು ಹೇಳಿದ್ದರು ಎಂದು ನನಗೆ ಅನುಮಾನ.

ನಿಮ್ಮಪ್ಪ ಆಕಾಶ ನೋಡಿದ. ನನ್ನ ಮುಖ ಬಿಟ್ಟು ಮಿಕ್ಕಿದ್ದೆಲ್ಲ ನೋಡಿದ.

“ಅಕ್ಕಾ, ನೀನಿಲ್ಲೇ ಕೂತಿರು. ಪಾಸ್ಟರ್ ಮನೆ ಹಂದಿಗಳಿಗೆ ತೆಂಗಿನಕಾಯಿ ಹಾಕಿ ಬರ್ತೀನಿ.”

ಹೊರಟೇಬಿಟ್ಟ, ಹಿಂದೆ ತಿರುಗದೆ.

ಮಿಕ್ಕದ್ದು ಬರೆಯುವುದಿಲ್ಲ. ಆ ವಿಷಯ ಸೋದರ ಸೊಸೆಗೆ ಬರೆಯಬಹುದೋ ಬಾರದೋ, ಕಟ್ಟಳೆ ಏನಿದೆಯೋ ಕೇಳಿ ನೋಡಬೇಕು. ಒಂದೇ ಮಾತು. ಪಾಸ್ಟರ್ ಮನೆಯಲ್ಲಿ ಈಗ ಇರುವುದು ಎರಡೇ ಹಂದಿ, ಫುವಾತಿನೊ. ಅವಕ್ಕೆ ತೆಂಗಿನಕಾಯಿ ಹಾಕಲು ಅವನಿಗೆ ಕತ್ತಲಾಗುವವರೆಗೂ ಹಿಡಿಯಿತು. ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಮೊಯೆಲಾಂಗಿ